ಹೆಚ್ಚಿಗೆ ಚೆಲ್ಲಿದ ಅಕ್ಕಿ

ಆಕಾಶದಲ್ಲಿ ಏನೋ ಎಡವಟ್ಟಾಗಿದೆ ಎಂದು ನಾವು ರೇಡಿಯೋದಲ್ಲಿ ಹೇಳಿದ ಕೂಡಲೇ ಕೆಳಗಿನ ಕಂಟ್ರೋಲರ್ ಎರಡು ಸಂಗತಿ ಕೇಳುತ್ತಾನೆ. ಇಂಧನ ಎಷ್ಟಿದೆ? ಆತ್ಮಗಳು ಎಷ್ಟಿವೆ? ಪ್ರಯಾಣಿಕರು ಎಷ್ಟು ಎಂದಲ್ಲ. ‘ಸೋಲ್ಸ್ ಆನ್ ಬೋರ್ಡ್’ ಎಂದೇ ಕೇಳುವುದು, ಹಡಗಿನವರಿಂದ ಬಂದ ಮಾತು. ಟಿಕೆಟ್ ತೆಗೆದವರು, ತೆಗೆಯದವರು, ಸಮವಸ್ತ್ರ ಹಾಕಿದವರು, ಎಲ್ಲರೂ ಆ ಎಣಿಕೆಯಲ್ಲಿ ಒಂದೊಂದೇ. ಕೆಳಗೆ ಬೆಂಕಿ ಆರಿಸಲು ನಿಂತವರಿಗೆ ಎಷ್ಟು ಮಂದಿಯನ್ನು ಹುಡುಕಬೇಕು ಎಂದು ಗೊತ್ತಿರಬೇಕಲ್ಲ, ಅದಕ್ಕೆ.

ಒಂದು ಫೆಬ್ರವರಿ ರಾತ್ರಿ ಈರಿ ಸರೋವರದ ಮೇಲೆ ನನಗೂ ಆ ಪ್ರಶ್ನೆ ಬಂತು. ನಮ್ಮದು ಐವತ್ತು ಸೀಟಿನ ಎಂಬ್ರೇಯರ್ ಜೆಟ್. ಹಿಂದಿನ ಸಾಲುಗಳಲ್ಲಿ ಸುಟ್ಟ ವಾಸನೆ. ನಲವತ್ತೊಂದು ಪ್ರಯಾಣಿಕರು, ಇಬ್ಬರು ಪೈಲಟ್‌ಗಳು, ಒಬ್ಬಳು ಗಗನಸಖಿ. ನಲವತ್ನಾಲ್ಕು ಎಂದೆ. ಅಷ್ಟರಲ್ಲಿ ಇಂಟರ್‌ಫೋನಿನಲ್ಲಿ ಗಗನಸಖಿಯ ದನಿ: ಹನ್ನೊಂದನೇ ಸಾಲಿನಲ್ಲಿ ತಾಯಿಯ ಮಡಿಲಲ್ಲಿ ಒಂದು ಕೂಸಿದೆ, ಅದನ್ನು ಸೇರಿಸಿದಿರಾ? ಸೇರಿಸಿರಲಿಲ್ಲ. ಮತ್ತೆ ರೇಡಿಯೋ ಒತ್ತಿ ತಿದ್ದಿದೆ: ನಲವತ್ತೈದು. ಆಮೇಲೆ ನೋಡಿದರೆ ಸುಟ್ಟದ್ದು ಗಾಳಿಯಾಡಿಸುವ ಒಂದು ಫ್ಯಾನಿನ ಮೋಟಾರ್. ಯಾರಿಗೂ ಏನೂ ಆಗಲಿಲ್ಲ. ಕೂಸು ಎಚ್ಚರವಾಗಲೂ ಇಲ್ಲವಂತೆ.

ಇದಾಗಿ ಎರಡು ವಾರಕ್ಕೆ ನಮ್ಮ ಯೂನಿಯನ್ನಿನಿಂದ ಸಂಬಳದ ಒಪ್ಪಂದದ ಕರಡು ಬಂತು. ನಾವು ಅದನ್ನು ಟಿಎ ಎನ್ನುತ್ತೇವೆ. ಸದಸ್ಯರೆಲ್ಲ ಓಟು ಹಾಕಿ ಒಪ್ಪುವವರೆಗೆ ಅದು ಬರೀ ಕರಡು. ಕಂಪನಿಗೆ ಎಪ್ಪತ್ತಾರು ಸೀಟಿನ ಹೊಸ ವಿಮಾನಗಳು ಬರುತ್ತವೆ, ಅದಕ್ಕೆ ಇಷ್ಟು ದರ ಎಂದು ಒಂದು ಕೋಷ್ಟಕ. ಎಡಗಡೆ ಕೆಲಸಕ್ಕೆ ಸೇರಿ ಎಷ್ಟು ವರ್ಷವಾಯಿತು ಎಂಬ ಸಾಲು, ಮೇಲ್ಗಡೆ ವಿಮಾನದ ಸೀಟುಗಳ ಕಾಲಂ. ನನ್ನ ಬೆರಳು ಹನ್ನೊಂದನೇ ವರ್ಷದ ಸಾಲಿನಲ್ಲಿ ಅಡ್ಡಕ್ಕೆ ಸರಿದು ಎಪ್ಪತ್ತಾರರ ಕೆಳಗೆ ನಿಂತಿತು. ಗಂಟೆಗೆ ನಾಲ್ಕು ಡಾಲರ್ ಹೆಚ್ಚು. ಆ ಮಡಿಲ ಕೂಸಿನ ನೆನಪಾಯಿತು. ಆತ್ಮದ ಲೆಕ್ಕದಲ್ಲಿ ಅದು ಒಂದು. ಈ ಕೋಷ್ಟಕದಲ್ಲಿ ಅದಕ್ಕೆ ಜಾಗವೇ ಇಲ್ಲ, ಸೀಟಿಲ್ಲದ್ದಕ್ಕೆ ಕೂಲಿಯೂ ಇಲ್ಲ.

ಕಂಪನಿಯ ಹೆಸರು ಬೇಡ. ಅದು ಅಮೆರಿಕದ ರೀಜನಲ್ ಕಂಪನಿಗಳಲ್ಲಿ ಒಂದು. ಬಾಲಕ್ಕೆ ಬಳಿದ ಬಣ್ಣ ದೊಡ್ಡ ಏರ್‌ಲೈನಿನದು, ಟಿಕೆಟ್ ಮಾರುವವರೂ ಅವರೇ, ಹಾರಿಸುವವರು ಮಾತ್ರ ನಾವು, ಕಡಿಮೆ ಸಂಬಳಕ್ಕೆ. ನಮ್ಮಂಥವರು ಎಷ್ಟು ದೊಡ್ಡ ವಿಮಾನ ಹಾರಿಸಬಹುದು ಎಂಬುದನ್ನೂ ದೊಡ್ಡ ಏರ್‌ಲೈನಿನ ಪೈಲಟ್‌ಗಳೇ ತಮ್ಮ ಒಪ್ಪಂದದಲ್ಲಿ ಬರೆಸಿಟ್ಟಿರುತ್ತಾರೆ: 76 ಸೀಟು, 86,000 ಪೌಂಡ್ ತೂಕ, ಅದರಾಚೆಗಿನದು ಅವರ ಹೊಲ. ಹಾಗಾಗಿ ಎಪ್ಪತ್ತಾರು ಸೀಟೆಂದರೆ ನಮಗೆ ಬೇಲಿಯ ತನಕ ಬಂದು ನಿಂತಂತೆ.

ನಾನು ಈ ಕೆಲಸಕ್ಕೆ ತಡವಾಗಿ ಬಂದವನು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್, ಓಹಾಯೋದಲ್ಲಿ ಸಾಫ್ಟ್‌ವೇರ್, ಶನಿವಾರ ಭಾನುವಾರ ಬಾಡಿಗೆ ಸೆಸ್ನಾದಲ್ಲಿ ಹಾರಾಟ. ಗ್ರೀನ್ ಕಾರ್ಡ್ ಕೈಗೆ ಬಂದ ವರ್ಷ ಕೆಲಸ ಬಿಟ್ಟು ಅರ್ಧಕ್ಕಿಂತ ಕಡಿಮೆ ಸಂಬಳಕ್ಕೆ ಪೈಲಟ್ ಆದೆ. ಹೆಂಡತಿ ಒಪ್ಪಿದಳು, ಅವ್ವ ಇಂದಿಗೂ ಪೂರ್ತಿ ಒಪ್ಪಿಲ್ಲ. ಕೂಲಿಯ ಲೆಕ್ಕ ಮಾತ್ರ ನನಗೆ ಹೊಸದಲ್ಲ. ಅಪ್ಪ ರಾಣೇಬೆನ್ನೂರಿನ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಹಮಾಲರ ಲೆಕ್ಕ ಬರೆಯುವುದು ಅವನ ಕೆಲಸ. ಗೋವಿನಜೋಳದ ಚೀಲಕ್ಕೆ ಇಷ್ಟು, ಹತ್ತಿಯ ಅಂಡಿಗೆಗೆ ಇಷ್ಟು. ಕ್ವಿಂಟಲ್ ಚೀಲಕ್ಕೂ ಐವತ್ತು ಕೆಜಿ ಚೀಲಕ್ಕೂ ಒಂದೇ ದರ ಎಂದು ಒಮ್ಮೆ ಸಾಹುಕಾರ ಹೇಳಿದಾಗ ಹಮಾಲರು ಹೆಗಲ ಮೇಲಿನ ವಸ್ತ್ರ ಕೆಳಗೆ ಹಾಸಿ ಅದರ ಮೇಲೇ ಕೂತುಬಿಟ್ಟಿದ್ದರು. ಮೂರು ದಿನ ಒಂದು ಲಾರಿಯೂ ಕದಲಲಿಲ್ಲ. ಅಪ್ಪ ಸಾಹುಕಾರನ ಉಪ್ಪು ತಿನ್ನುವವನಾದರೂ ಮನೆಗೆ ಬಂದು, ‘ಬೆನ್ನು ಅವರದು, ದರಾನೂ ಅವರ ಹೇಳಬೇಕು’ ಎಂದಿದ್ದ. ದೊಡ್ಡ ಚೀಲಕ್ಕೆ ದೊಡ್ಡ ಕೂಲಿ. ಬೆನ್ನು ಇದ್ದವರಿಗೆಲ್ಲ ಅರ್ಥವಾಗುವ ನ್ಯಾಯ.

ಆ ನ್ಯಾಯವನ್ನೇ ನಂಬಿಕೊಂಡು ಅವ್ವನಿಗೆ ಫೋನಿನಲ್ಲಿ ಕೋಷ್ಟಕದ ಕಥೆ ಹೇಳಿದೆ.

‘ವಿಮಾನ ದೊಡ್ಡದಾದ್ರ ನೀನೇನು ಬೆನ್ನಮ್ಯಾಲೆ ಹೊರಬೇಕಾಗತೈತೇನೋ ತಮ್ಮಾ?’ ಎಂದಳು.

‘ಇಲ್ಲವ್ವಾ, ಕೂತೇ ಹಾರಿಸೋದು.’

‘ಮತ್ತ ಜಾಸ್ತಿ ರೊಕ್ಕ ಯಾಕ?’

‘ಜವಾಬ್ದಾರಿ ಜಾಸ್ತಿ.’

‘ಹಂಗಾರ ಸಣ್ಣದರಾಗ ಇದ್ದೋರ ಜವಾಬ್ದಾರಿ ಕಡಿಮಿ ಏನು?’

ಎಂಬತ್ತು ದಾಟಿದ ಮುದುಕಿ, ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಆ ಪ್ರಶ್ನೆ ನನ್ನನ್ನು ಓಟಿನ ದಿನದವರೆಗೂ ಬಿಡಲಿಲ್ಲ.

ನಿಜ ಹೇಳಬೇಕೆಂದರೆ ದೊಡ್ಡ ವಿಮಾನ ಹಾರಿಸುವುದು ಸುಲಭ. ನನ್ನ ಐವತ್ತು ಸೀಟಿನ ಜೆಟ್‌ನಲ್ಲಿ ವೇಗ ಕಾಯಲು ಥ್ರಸ್ಟ್ ಲಿವರ್ ಮೇಲೆ ಕೈ ಇಟ್ಟೇ ಇರಬೇಕು. ಎಪ್ಪತ್ತಾರು ಸೀಟಿನ ಎಂಬ್ರೇಯರ್ 175ರಲ್ಲಿ ಆ ಕೆಲಸಕ್ಕೆ ಆಟೋಥ್ರಾಟಲ್ ಇದೆ. ಪರದೆಗಳು ದೊಡ್ಡವು, ಕಾಕ್‌ಪಿಟ್ ವಿಶಾಲ. ಅಲ್ಲಿಯೂ ಇಬ್ಬರೇ ಪೈಲಟ್‌ಗಳು. ಬೆವರಿನ ಲೆಕ್ಕ ಹಿಡಿದರೆ ಸಣ್ಣ ವಿಮಾನದವನಿಗೇ ನಾಲ್ಕು ಡಾಲರ್ ಹೆಚ್ಚು ಸಿಗಬೇಕಿತ್ತು. ಹಾಗಾದರೆ ಉಳಿದದ್ದು ಆತ್ಮಗಳ ಲೆಕ್ಕ: ಇಪ್ಪತ್ತಾರು ಹೆಚ್ಚು ಜೀವ, ಅದಕ್ಕೆ ಹೆಚ್ಚು ಬೆಲೆ. ಆದರೆ ಇದೂ ಕೈಗೆ ನಿಲ್ಲುವುದಿಲ್ಲ. ಒಂದು ಜೀವಕ್ಕೆ ಬೆಲೆ ಕಟ್ಟಲಾಗದು ಎಂದು ಎಲ್ಲ ಧರ್ಮದವರೂ ಹೇಳುತ್ತಾರೆ. ಕಟ್ಟಲಾಗದ್ದನ್ನು ಐವತ್ತರಿಂದ ಗುಣಿಸಿದರೂ ಎಪ್ಪತ್ತಾರರಿಂದ ಗುಣಿಸಿದರೂ ಬರುವುದು ಕಟ್ಟಲಾಗದ್ದೇ. ಅದರ ನಡುವೆ ಗಂಟೆಗೆ ನಾಲ್ಕು ಡಾಲರ್ ವ್ಯತ್ಯಾಸ ಎಲ್ಲಿಂದ ಹುಟ್ಟಿತು?

ಅವ್ವನ ತವರು ತುಂಗಭದ್ರೆಯ ದಂಡೆಯ ಹಳ್ಳಿ, ಚೌಡಯ್ಯದಾನಪುರದಿಂದ ದೂರವೇನಲ್ಲ. ಹನ್ನೆರಡನೇ ಶತಮಾನದಲ್ಲಿ ದೋಣಿ ನಡೆಸುತ್ತ ವಚನ ಬರೆದ ಅಂಬಿಗರ ಚೌಡಯ್ಯನ ಊರು ಅದು. ರಜೆಗೆ ಹೋದಾಗ ಹೊಳೆ ದಾಟಿಸುತ್ತಿದ್ದವರನ್ನು ನಾವು ಅಂಬಿಗರ ಕಾಕಾ ಎನ್ನುತ್ತಿದ್ದೆವು. ಬೇಸಿಗೆಯಲ್ಲಿ ತೊಗಲಿನ ಹರಿಗೋಲು, ಮಳೆಗಾಲದಲ್ಲಿ ಮರದ ದೋಣಿ. ಊರಿನವರಿಂದ ಆತ ತಲೆಗಿಷ್ಟು ಎಂದು ಕೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಇಷ್ಟು ಜೋಳ. ಹರಿಗೋಲಿಗೂ ಅದೇ, ದೋಣಿಗೂ ಅದೇ. ‘ಕಾಕಾ, ದೋಣಿ ತುಂಬ ಮಂದಿ ಇದ್ದಾಗ ಹೆದರಿಕಿ ಜಾಸ್ತಿ ಏನು?’ ಎಂದು ಒಮ್ಮೆ ಕೇಳಿದ್ದೆ. ‘ಹತ್ತು ಮಂದಿ ಇದ್ರೂ ಅಷ್ಟ, ಇಪ್ಪತ್ತಿದ್ರೂ ಅಷ್ಟ. ಮುಳುಗಿದ್ರ ನಾನೂ ಮುಳುಗ್ತೀನಲ್ಲೋ’ ಎಂದಿದ್ದ. ಈಗ ನನಗೂ ಅದೇ ಅನ್ನಿಸುತ್ತದೆ. ಈರಿ ಸರೋವರದ ಮೇಲೆ ನಾನು ನಲವತ್ತೈದು ಆತ್ಮಗಳನ್ನು ಕಾಯುತ್ತಿರಲಿಲ್ಲ. ವಿಮಾನವನ್ನು ಕಾಯುತ್ತಿದ್ದೆ. ಆತ್ಮಗಳ ನೆನಪು ಬಂದದ್ದು ಚಕ್ರ ನೆಲ ಮುಟ್ಟಿ, ಬಾಗಿಲು ತೆರೆದು, ಆ ತಾಯಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೋದಾಗ. ಆಗ ನನ್ನ ಮೊಣಕಾಲು ನಡುಗಿದ್ದು ನಿಜ.

ದೊಡ್ಡ ವಿಮಾನಕ್ಕೆ ದೊಡ್ಡ ಸಂಬಳ ಎಂಬ ಪದ್ಧತಿಗೆ ಒಂದು ಇತಿಹಾಸವಿದೆ, ಅದು ನನಗೆ ಇಷ್ಟವಾದದ್ದೂ ಹೌದು. 1931ರಲ್ಲಿ ಡೇವಿಡ್ ಬೆಂಕೆ ಎಂಬ ಪೈಲಟ್ ಅಮೆರಿಕದ ಪೈಲಟ್‌ಗಳ ಯೂನಿಯನ್ ಕಟ್ಟಿದ. ವಿಮಾನಗಳು ಆಗ ವರ್ಷ ವರ್ಷಕ್ಕೂ ವೇಗವಾಗುತ್ತಿದ್ದವು. ಮೈಲಿಗೆ ಇಷ್ಟು ಎಂದಿದ್ದ ಸಂಬಳವನ್ನು ಮಾಲೀಕರು ಗಂಟೆಗೆ ಇಷ್ಟು ಎಂದು ಬದಲಿಸಹೊರಟರು. ವೇಗದ ಲಾಭವೆಲ್ಲ ತಮ್ಮ ಕಡೆಗೆ ಬರಲಿ ಎಂದು. 1934ರಲ್ಲಿ ಸರ್ಕಾರದ ಕಾರ್ಮಿಕ ಮಂಡಳಿಯ 83ನೇ ತೀರ್ಮಾನ ಹೊರಬಿತ್ತು: ಮೂಲ ಸಂಬಳ, ವಿಮಾನದ ವೇಗಕ್ಕೆ ತಕ್ಕ ಗಂಟೆಯ ದರ, ಜೊತೆಗೆ ಮೈಲಿಯ ಲೆಕ್ಕ, ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಹಾರಿಸಕೂಡದು. ಯುದ್ಧ ಮುಗಿದ ಮೇಲೆ ನಾಲ್ಕು ಎಂಜಿನ್ನಿನ ದೊಡ್ಡ ವಿಮಾನಗಳು ಬಂದವು. ಅದಕ್ಕೆ ಎಷ್ಟು ಎಂಬ ಜಗಳದಲ್ಲಿ 1946ರ ಅಕ್ಟೋಬರಿನಲ್ಲಿ ಟಿಡಬ್ಲ್ಯುಎ ಕಂಪನಿಯ ಪೈಲಟ್‌ಗಳು ಮುಷ್ಕರ ಹೂಡಿದರು. ಮೂರು ವಾರಕ್ಕೂ ಹೆಚ್ಚು ವಿಮಾನಗಳು ನಿಂತವು. ಮುಂದೆ ಸೂತ್ರದಲ್ಲಿ ತೂಕವೂ ಸೇರಿತು.

ಬೆಂಕೆಯ ವಾದದಲ್ಲಿ ಆತ್ಮಗಳ ಸುದ್ದಿ ಇರಲಿಲ್ಲ. ಯಂತ್ರ ದೊಡ್ಡದಾದರೆ ಅದರಿಂದ ಹುಟ್ಟುವ ಫಲದಲ್ಲಿ ಅದನ್ನು ನಡೆಸುವವನಿಗೂ ಒಂದು ಪಾಲಿರಲಿ ಎಂಬುದಷ್ಟೇ. ಯಂತ್ರ ಕೊಂಡವನದು ಯಂತ್ರ, ಸರಿ. ಆದರೆ ಆ ಯಂತ್ರ ತಾನೇ ಹಾರುವುದಿಲ್ಲವಲ್ಲ! ಗೀತೆ ಓದಿದವರು ಇಲ್ಲಿ ನನಗೆ ಫಲಾಪೇಕ್ಷೆಯ ಪಾಠ ಹೇಳಲು ಬರುತ್ತಾರೆ. ಆ ಪಾಠ ಸಂಬಳ ಕೊಡುವವನ ಬಾಯಲ್ಲಿ ಬಂದರೆ ನನಗೆ ಕಿವಿ ಮಂದವಾಗುತ್ತದೆ. ಫಲದ ಆಸೆ ಬಿಡು ಎಂದು ಕೃಷ್ಣ ಹೇಳಿದ್ದು ಹೌದು. ಬಿಟ್ಟ ಫಲವನ್ನು ತಾನು ಒಯ್ಯುತ್ತೇನೆಂದು ಆತ ಹೇಳಲಿಲ್ಲ.

ಆದರೆ ಬೆಂಕೆಯ ನ್ಯಾಯವೂ ಕೊನೆಯವರೆಗೆ ನಮ್ಮನ್ನು ಕಾಯಲಿಲ್ಲ. 2014ರಲ್ಲಿ, ನಾನು ಓಟು ಹಾಕಿದ ಆ ಹೊತ್ತಿನಲ್ಲಿ, ರೀಜನಲ್ ಕಂಪನಿಗೆ ಹೊಸದಾಗಿ ಸೇರಿದ ಸಹಪೈಲಟ್‌ಗೆ, ಅಂದರೆ ಫಸ್ಟ್ ಆಫೀಸರ್‌ಗೆ ಗಂಟೆಗೆ ಇಪ್ಪತ್ತೈದು ಡಾಲರಿನ ಆಸುಪಾಸು. ಗಂಟೆಯೆಂದರೆ ಬಾಗಿಲು ಹಾಕಿ ವಿಮಾನ ಕದಲಿದ ಮೇಲಿನ ಗಂಟೆ. ಹಿಮ ಕರಗಲೆಂದು ಗೇಟಿನಲ್ಲಿ ಕಾದದ್ದು, ಒಂದು ಹಾರಾಟದಿಂದ ಇನ್ನೊಂದಕ್ಕೆ ನಾಲ್ಕು ತಾಸು ಕೂತದ್ದು, ಅದೆಲ್ಲ ಧರ್ಮಾರ್ಥ. ಅದೇ ಕೆಲಸಕ್ಕೆ 2022ರ ಜೂನ್‌ನಲ್ಲಿ ಪೀಡ್‌ಮಾಂಟ್ ಎಂಬ ರೀಜನಲ್ ಕಂಪನಿ ಗಂಟೆಗೆ 90 ಡಾಲರ್ ಕೊಡುತ್ತೇನೆಂದಿತು. ಪೀಡ್‌ಮಾಂಟ್ ಆಗ ಹಾರಿಸುತ್ತಿದ್ದದ್ದು ನನ್ನದೇ ಐವತ್ತು ಸೀಟಿನ ಜೆಟ್. ಸೀಟು ಅಷ್ಟೇ, ತೂಕ ಅಷ್ಟೇ, ಆತ್ಮಗಳೂ ಅಷ್ಟೇ. ಬದಲಾದದ್ದು ಒಂದು: ಪೈಲಟ್‌ಗಳು ಸಿಗುತ್ತಿರಲಿಲ್ಲ. ಜವಾಬ್ದಾರಿ, ಜೀವದ ಬೆಲೆ ಎಂದೆಲ್ಲ ಎರಡೂ ಕಡೆಯವರು ಆಡಿದ ಮಾತು ಆ ಒಂದು ಅಂಕಿಯ ಮುಂದೆ ತೊಳೆದು ಹೋಯಿತು.

ನಮ್ಮೂರಿನ ಕನ್ನಡ ಬಳಗದ ಕೆಲವರು ತಿಂಗಳಿಗೊಮ್ಮೆ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಸೇರಿ ವಚನ ಓದುತ್ತೇವೆ. ಓದು ಒಂದು ಗಂಟೆ, ಮಂಡಕ್ಕಿ ಒಗ್ಗರಣೆ ಎರಡು ಗಂಟೆ. ಓಟಿಗೆ ಹತ್ತು ದಿನ ಇದ್ದಾಗ ಅಲ್ಲಿ ಈ ಮಾತೆತ್ತಿದೆ. ಹಿರಿಯರೊಬ್ಬರು, ವೈದ್ಯರು, ದಾವಣಗೆರೆಯ ಕಡೆಯವರು, ಸಮಾಧಾನ ಹೇಳುವ ದನಿಯಲ್ಲಿ, ‘ಕಾಯಕ ಅಂದಮೇಲೆ ಅದೇ ಕೈಲಾಸ ಅಂತ ಬಸವಣ್ಣನೇ ಹೇಳಿಲ್ಲೇನ್ರಿ, ಸಂಬಳಕ್ಕೆ ಯಾಕೆ ತಲೆ ಕೆಡಿಸ್ಕೋತೀರಿ’ ಎಂದರು. ಅವರ ಮನೆಯ ಗ್ಯಾರೇಜಿನಲ್ಲಿ ಮೂರು ಕಾರುಗಳಿದ್ದವು ಎಂಬುದನ್ನು ಬರೆಯಬಾರದಿತ್ತು, ಬರೆದೆ.

ಆ ಮಾತು ಬಸವಣ್ಣನದೆಂದೇ ನಮ್ಮಲ್ಲಿ ಬಹಳ ಮಂದಿಯ ನಂಬಿಕೆ. ಕಚೇರಿಗಳಲ್ಲಿ, ಕಾರ್ಖಾನೆಯ ಗೇಟುಗಳಲ್ಲಿ, ಅವನ ಚಿತ್ರದ ಕೆಳಗೇ ಬರೆದಿರುತ್ತಾರೆ. ವಚನಗಳಲ್ಲಿ ಅದು ಸಿಗುವುದು ಆಯ್ದಕ್ಕಿ ಮಾರಯ್ಯನಲ್ಲಿ. ರಾಯಚೂರು ಸೀಮೆಯ ಅಮರೇಶ್ವರದಿಂದ ಹೆಂಡತಿ ಲಕ್ಕಮ್ಮನೊಡನೆ ಕಲ್ಯಾಣಕ್ಕೆ ಬಂದವನು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಅವನ ಕಾಯಕ. ಬಸವಣ್ಣ ಬಿಜ್ಜಳನ ಭಂಡಾರಿ, ರಾಜ್ಯದ ಬೊಕ್ಕಸ ಅವನ ಕೈಯಲ್ಲಿ. ಕೆಲಸ ಕೈಲಾಸವೆಂದು ಭಂಡಾರದ ಬೀಗ ಹಿಡಿದವನು ಹೇಳಿದರೆ ಒಂದು ಅರ್ಥ, ನೆಲದ ಮೇಲಿನ ಕಾಳು ಹೆಕ್ಕುವವನು ಹೇಳಿದರೆ ಇನ್ನೊಂದು ಅರ್ಥ. ಹೆಕ್ಕುವವನು ಹೇಳಿದಾಗ ಅದರಲ್ಲಿ ತಲೆಯೆತ್ತಿದ ಗರ್ವವಿದೆ: ನನ್ನ ಕೆಲಸ ಯಾರ ಕೆಲಸಕ್ಕೂ ಕಡಿಮೆಯಲ್ಲ, ಅದಕ್ಕಾಗಿ ನಿನ್ನ ದೇವಲೋಕದ ಹಂಗೂ ಬೇಡ. ಅದೇ ಮಾತನ್ನು ಗೇಟಿನ ಮೇಲೆ ಬರೆಸಿದವನು ಹೇಳುತ್ತಿರುವುದು: ಕೈಲಾಸ ಸಿಕ್ಕಿತಲ್ಲ, ಇನ್ನು ಬೋನಸ್ ಯಾಕೆ?

ಲಕ್ಕಮ್ಮನ ಕಥೆ ನಿಮಗೆ ಗೊತ್ತಿರುತ್ತದೆ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಗಂಟು ಬಿಚ್ಚಿ ನೋಡಿದಳು, ಇದು ನಮ್ಮ ದಿನದ ಅಳತೆಯಲ್ಲ, ಆಸೆ ನಮಗೇಕೆ, ಹೋಗಿ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಅವ್ವ ನಮಗೆ ಮಲಗುವಾಗ ಹೇಳುತ್ತಿದ್ದ ಕಥೆ ಇದು. ಅವಳ ಕಥೆಯಲ್ಲಿ ಇನ್ನೊಂದು ಎಳೆಯಿತ್ತು: ಆ ದಿನ ಅಂಗಳದಲ್ಲಿ ಅಕ್ಕಿ ಹೆಚ್ಚು ಬಿದ್ದದ್ದು ತಾನಾಗಿ ಅಲ್ಲ, ಬಸವಣ್ಣನೇ ಪರೀಕ್ಷೆಗೆಂದು ಚೆಲ್ಲಿಸಿದ್ದ. ಹುಡುಗನಾಗಿದ್ದಾಗ ನನಗೆ ಇದು ದುರಾಸೆ ಬೇಡ ಎಂಬ ಕಥೆಯಾಗಿತ್ತು. ಕೋಷ್ಟಕ ಕೈಯಲ್ಲಿ ಹಿಡಿದು ಮತ್ತೆ ನೆನೆದಾಗ ಬೇರೆಯದು ಕಂಡಿತು. ಲಕ್ಕಮ್ಮ ನೋಡಿದ್ದು ಅಕ್ಕಿ ಎಷ್ಟು ಎಂದಷ್ಟೇ ಅಲ್ಲ. ಯಾಕೆ ಹೆಚ್ಚಾಯಿತು, ಯಾರ ಅಂಗಳದ್ದು, ಯಾರು ಚೆಲ್ಲಿದರು ಎಂದು ನೋಡಿದಳು. ಮತ್ತು ‘ಸಾಕು’ ಎಂಬ ಮಾತು ಬಂದದ್ದು ಒಲೆಯ ಮುಂದೆ ಕೂತವಳಿಂದ. ಬಸವಣ್ಣ ಬಂದು, ಮಾರಯ್ಯಾ, ನಿನಗೆ ಇಷ್ಟು ಸಾಕು ಎಂದಿದ್ದರೆ ಅದು ಧರ್ಮವಾಗುತ್ತಿರಲಿಲ್ಲ. ಬಸವಣ್ಣ ಹಾಗನ್ನಲಿಲ್ಲ, ಹೆಚ್ಚಿಗೇ ಚೆಲ್ಲಿದ. ಆ ಕಥೆ ಕಟ್ಟಿದವರಿಗೆ ಯಾರ ಬಾಯಲ್ಲಿ ಯಾವ ಮಾತು ಇಡಬೇಕೆಂದು ಚೆನ್ನಾಗಿ ಗೊತ್ತಿತ್ತು.

ಸಾಕು ಎಂಬುದಕ್ಕೆ ನಮ್ಮ ಕೆಲಸದಲ್ಲಿ ಇನ್ನೊಂದು ತೊಡಕಿದೆ. ಲಕ್ಕಮ್ಮ ಉಪವಾಸ ಬಿದ್ದರೆ ಹೊಟ್ಟೆ ಅವಳದು. 2009ರ ಫೆಬ್ರವರಿ 12ರ ರಾತ್ರಿ ಬಫಲೋ ಹತ್ತಿರ ಕಾಲ್ಗನ್ ಏರ್ ಎಂಬ ರೀಜನಲ್ ಕಂಪನಿಯ ವಿಮಾನ ಮನೆಯೊಂದರ ಮೇಲೆ ಬಿತ್ತು. ವಿಮಾನದಲ್ಲಿದ್ದ 49, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಸಾವು. ವೇಗ ಇಳಿದಾಗ ಎಚ್ಚರಿಕೆಗೆ ಕ್ಯಾಪ್ಟನ್ ಮಾಡಿದ್ದು ಮಾಡಬೇಕಾದ್ದಕ್ಕೆ ತದ್ವಿರುದ್ಧ ಎಂದು ತನಿಖೆ ಹೇಳಿತು. ಅದೇ ವಿಚಾರಣೆಯಲ್ಲಿ ಬೇರೆ ಸಂಗತಿಗಳೂ ಬಯಲಾದವು. ಫಸ್ಟ್ ಆಫೀಸರ್ ಸಿಯಾಟಲ್‌ನಲ್ಲಿ ತಂದೆತಾಯಿಯ ಮನೆಯಲ್ಲಿದ್ದವಳು. ರಾತ್ರಿಯೆಲ್ಲ ಸರಕಿನ ವಿಮಾನಗಳಲ್ಲಿ ಕೂತು ದೇಶವನ್ನು ಅಡ್ಡಹಾಯ್ದು ಕೆಲಸಕ್ಕೆ ಬಂದಿದ್ದಳು. ಆಕೆಯ ವರ್ಷದ ಗಳಿಕೆ 16,000 ಡಾಲರ್ ಎಂದು ಮೊದಲು ಹೊರಬಂತು, ಕಂಪನಿ ಅದಕ್ಕಿಂತ ಹೆಚ್ಚೆಂದು ತಿದ್ದಿತು. ತಿದ್ದಿದ ಅಂಕಿಯಲ್ಲೂ ಕೆಲಸದ ಊರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯುವುದು ಕಷ್ಟ. ನಾನೂ ಆ ದಿನಗಳಲ್ಲಿ ಎಂಟು ಮಂದಿಯ ಬಾಡಿಗೆ ಮನೆಯಲ್ಲಿ, ಅಟ್ಟದ ಮಂಚದ ಮೇಲಿನ ಹಾಸಿಗೆಯಲ್ಲಿ, ಇನ್ನೊಬ್ಬ ಎದ್ದು ಹೋದ ಬಿಸಿ ಇನ್ನೂ ಇರುವಾಗಲೇ ಮಲಗಿದವನು. ಕೊಟ್ಟಷ್ಟಕ್ಕೆ ತೃಪ್ತಿಪಡುವ ಪೈಲಟ್ ತನ್ನ ತೃಪ್ತಿಯನ್ನು ಹಿಂದಿನ ಸೀಟಿನವರಿಗೂ ಹಂಚುತ್ತಿರುತ್ತಾನೆ, ಅವರನ್ನು ಕೇಳದೆ.

ಹಾಗಾಗಿ ಹೆಚ್ಚು ಕೇಳುವುದು ಪಾಪವಲ್ಲ ಎಂದು ನನಗೆ ಗಟ್ಟಿಯಾಯಿತು. ಆದರೆ ಹೆಚ್ಚು ಬರುವುದು ಎಲ್ಲಿಂದ?

ಕೋಷ್ಟಕದ ಹಿಂದಿನ ಪುಟಗಳಲ್ಲಿ ಅದಿತ್ತು. ನನ್ನಂಥ ಕ್ಯಾಪ್ಟನ್‌ಗಳಿಗೆ ಗಂಟೆಗೆ ನಾಲ್ಕು ಡಾಲರ್ ಹೆಚ್ಚು. ಬದಲಿಗೆ ಫಸ್ಟ್ ಆಫೀಸರ್‌ಗಳ ದರ ನಾಲ್ಕನೇ ವರ್ಷಕ್ಕೆ ನಿಂತುಬಿಡುತ್ತದೆ. ಕ್ಯಾಪ್ಟನ್ ಆಗುವವರೆಗೆ ಹತ್ತು ವರ್ಷವಾದರೂ ನಾಲ್ಕನೇ ವರ್ಷದ್ದೇ ಕೂಲಿ. ಮೊದಲಿದ್ದ ಒಪ್ಪಂದದಲ್ಲಿ ಅದು ಎಂಟನೇ ವರ್ಷದವರೆಗೆ ಏರುತ್ತಿತ್ತು. ಇನ್ನೊಂದು ಸಂಗತಿ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು: ನೀವು ಒಪ್ಪದಿದ್ದರೆ ಇದೇ ವಿಮಾನಗಳು ಪಕ್ಕದ ಕಂಪನಿಗೆ ಹೋಗುತ್ತವೆ, ಅಲ್ಲಿಯವರು ಇದಕ್ಕಿಂತ ಕಡಿಮೆಗೆ ಒಪ್ಪುತ್ತಾರೆ. ಪಕ್ಕದ ಕಂಪನಿಯವರಿಗೂ ನಮ್ಮನ್ನು ತೋರಿಸಿ ಇದೇ ಮಾತು. ರಾಣೇಬೆನ್ನೂರಿನ ಸಾಹುಕಾರ ಇಷ್ಟು ಜಾಣನಾಗಿರಲಿಲ್ಲ, ಪಾಪ.

ಅದೇ ಕಾಲದಲ್ಲಿ ಇದು ಬಹಿರಂಗವಾಗಿ ನಡೆದ ಜಾಗ ಒಂದಿತ್ತು. 2013ರಲ್ಲಿ ಪಿಎಸ್‌ಎ ಎಂಬ ರೀಜನಲ್ ಕಂಪನಿಯ ಪೈಲಟ್‌ಗಳು ರಿಯಾಯಿತಿ ಕೊಟ್ಟು ದೊಡ್ಡ ಜೆಟ್‌ಗಳನ್ನು ಪಡೆದರು. 2014ರ ಮಾರ್ಚ್‌ನಲ್ಲಿ ಅಮೆರಿಕನ್ ಈಗಲ್‌ನ ಪೈಲಟ್‌ಗಳ ಮುಂದೆ ಅಂಥದೇ ಒಪ್ಪಂದ ಬಂತು: ಎಪ್ಪತ್ತಾರು ಸೀಟಿನ ವಿಮಾನ ಬೇಕಾದರೆ ಸಂಬಳದಲ್ಲಿ ಬಗ್ಗಿ. ಹತ್ತರಲ್ಲಿ ಏಳು ಮಂದಿ ಬೇಡ ಎಂದರು. ಕಂಪನಿ ಕುಗ್ಗುತ್ತದೆ ಎಂಬ ಬೆದರಿಕೆ ಕೇಳಿಯೂ ಬೇಡ ಎಂದರು. ಆ ಸುದ್ದಿ ಬಂದ ದಿನ ನಮ್ಮ ಸಿಬ್ಬಂದಿ ಕೋಣೆಯಲ್ಲಿ ಅರ್ಧ ಜನ ಅವರನ್ನು ಶೂರರೆಂದರು, ಇನ್ನರ್ಧ ಹುಚ್ಚರೆಂದರು.

ಆ ತಿಂಗಳು ನನ್ನ ಜೊತೆ ಹಾರುತ್ತಿದ್ದ ಫಸ್ಟ್ ಆಫೀಸರ್ ಕೆಂಟಕಿಯ ಹುಡುಗ, ಪಾದ್ರಿಯ ಮಗ. ಎರಡನೇ ವರ್ಷದವನು. ಹಾರಾಟ ಕಲಿತ ಸಾಲ ಇನ್ನೂ ಬೆಟ್ಟದಷ್ಟಿತ್ತು. ಹೋಟೆಲಿನ ವ್ಯಾನಿನಲ್ಲಿ ಕೂತಾಗ ಬೈಬಲಿನ ದ್ರಾಕ್ಷಿತೋಟದ ಕಥೆ ತೆಗೆದ. ಬೆಳಗಿನಿಂದ ದುಡಿದವನಿಗೂ ಸಂಜೆ ಒಂದು ಗಂಟೆ ದುಡಿದವನಿಗೂ ತೋಟದ ಯಜಮಾನ ಒಂದೊಂದೇ ದೆನಾರಿ ಕೊಡುತ್ತಾನೆ, ಬೆಳಗಿನವರು ಗೊಣಗುತ್ತಾರೆ. ‘ನಮ್ಮಪ್ಪ ಪ್ರತಿ ವರ್ಷ ಇದರ ಮೇಲೆ ಪ್ರವಚನ ಕೊಡ್ತಾರೆ, ಕ್ಯಾಪ್ಟನ್. ಅವರಿಗೆ ಸೀನಿಯಾರಿಟಿ ಪಟ್ಟಿ ತೋರಿಸಬೇಕು,’ ಎಂದು ನಕ್ಕ. ನಮ್ಮ ಧರ್ಮ ಅದರ ನೇರ ವಿರುದ್ಧ. ಮೊದಲು ಬಂದವನು ಮೊದಲು, ಸಾಯುವವರೆಗೂ. ಯಾವ ಊರಿನಲ್ಲಿ ಕೆಲಸ, ಯಾವ ವಿಮಾನ, ಕ್ರಿಸ್‌ಮಸ್ ಮನೆಯಲ್ಲೋ ಹೋಟೆಲಿನಲ್ಲೋ, ಎಲ್ಲಕ್ಕೂ ಆ ಒಂದು ನಂಬರ್. ಕಂಪನಿ ಬದಲಿಸಿದರೆ ಇಪ್ಪತ್ತು ವರ್ಷದ ಕ್ಯಾಪ್ಟನ್ ಕೂಡ ಪಟ್ಟಿಯ ತಳದಲ್ಲಿ ಹೊಸ ಹುಡುಗ. ಅದೇ ದ್ರಾಕ್ಷಿತೋಟದ ಕಥೆಯ ಒಂದು ಮಾತನ್ನು ಇಂಗ್ಲಿಷ್ ಲೇಖಕ ರಸ್ಕಿನ್ ತನ್ನ ಪುಸ್ತಕಕ್ಕೆ ಹೆಸರಾಗಿ ಇಟ್ಟ. ಗಾಂಧೀಜಿ ಅದನ್ನು 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಓದಿ, ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂಬುದನ್ನು ಅದರಿಂದ ಕಲಿತೆ ಎಂದರು. ಆ ಹುಡುಗನಿಗೆ ಹೇಳಿದೆ. ಗಾಂಧಿಗೆ ಸಾಲ ಇತ್ತಾ ಎಂದು ಕೇಳಿದ.

‘ನೀನು ಏನಂತ ಓಟು ಹಾಕ್ತೀಯ?’ ಎಂದೆ.

‘ಬೇಕು ಅಂತ.’

ನನಗೆ ಅಚ್ಚರಿಯಾಯಿತು. ನಾಲ್ಕನೇ ವರ್ಷಕ್ಕೆ ಕಟ್ಟಿಹಾಕುವುದು ಇವನನ್ನೇ. ಅವನ ಲೆಕ್ಕ ಬೇರೆಯಿತ್ತು: ವಿಮಾನ ಬಂದರೆ ಕ್ಯಾಪ್ಟನ್‌ಗಳು ಅದಕ್ಕೆ ಹೋಗುತ್ತಾರೆ, ಅವರ ಜಾಗ ಖಾಲಿಯಾಗುತ್ತದೆ, ತಾನು ಮೂರು ವರ್ಷದಲ್ಲಿ ಕ್ಯಾಪ್ಟನ್ ಕೂರುವ ಎಡಗಡೆ ಸೀಟಿಗೆ ಬರುತ್ತೇನೆ. ಕಟ್ಟು ಬೀಳುವುದು ಇನ್ನೂ ಸೇರದವರಿಗೆ, ಈಗ ಎಲ್ಲೋ ಕಾಲೇಜಿನಲ್ಲಿ ಓದುತ್ತಿರುವವರಿಗೆ. ‘ಅವರಿಗೆ ಓಟಿಲ್ಲವಲ್ಲ’ ಎಂದ, ತುಸು ನಾಚಿಕೆಯಿಂದ. ನನ್ನ ನಾಲ್ಕು ಡಾಲರ್ ಅವನಿಂದ ಬರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಅವನ ಬಡ್ತಿ ತನಗಿಂತ ಹಿಂದಿನವರಿಂದ ಬರುತ್ತದೆ ಎಂದು ಅವನು ಕಂಡುಕೊಂಡಿದ್ದ. ಮಡಿಲ ಕೂಸು ಮತ್ತೆ ನೆನಪಾಯಿತು. ಕೋಷ್ಟಕದಲ್ಲಿ ಇಲ್ಲದವರು ಅದೊಂದೇ ಅಲ್ಲ.

ಓಟಿನ ಹಿಂದಿನ ರಾತ್ರಿ ಅವ್ವನಿಗೆ ಫೋನ್ ಮಾಡಿ, ಅಕ್ಕಿ ಬೇರೆಯವರ ಅಂಗಳದ್ದು, ಹಾಗಾಗಿ ಬೇಡ ಎನ್ನುತ್ತೇನೆ ಎಂದೆ. ಹೊಗಳುತ್ತಾಳೆ ಎಂದುಕೊಂಡಿದ್ದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಲಕ್ಕಮ್ಮ ಅಕ್ಕಿ ತಿರುಗಿ ಕಳಿಸಿದ್ಲು, ಖರೆ. ಆಕಿ ಮನ್ಯಾಗ ಸಾಲ ಇದ್ದ ಹುಡುಗ ಇದ್ದನೇನು?’

‘ಇರಲಿಲ್ಲ ಕಾಣ್ತೈತಿ.’

‘ಹಂಗಾರ ಆ ಹುಡುಗಗ ಬೈಬ್ಯಾಡ. ನಿಂದು ನೀ ನೋಡ್ಕೊ.’

ನನಗೆ ಇವತ್ತಿಗೂ ಆ ಒಪ್ಪಂದದ ಬಗ್ಗೆ ಒಂದು ತೀರ್ಪಿದೆ: ಅದು ಕೆಟ್ಟ ಒಪ್ಪಂದ. ದೊಡ್ಡ ವಿಮಾನಕ್ಕೆ ಹೆಚ್ಚು ಸಂಬಳ ಕೇಳುವುದರಲ್ಲಿ ತಪ್ಪಿಲ್ಲ. ಆ ಹೆಚ್ಚಿನದನ್ನು ಕಂಪನಿ ತನ್ನ ಭಂಡಾರದಿಂದ ತೆಗೆಯದೆ ನಮ್ಮದೇ ಸಾಲಿನ ಕೊನೆಯವನ ಗಂಟಿನಿಂದ ತೆಗೆದು ನನ್ನ ಮುಂದೆ ಚೆಲ್ಲಿತು, ನಾವು ಬಗ್ಗಿ ಆಯ್ದುಕೊಂಡೆವು. ನಾವು ಎಂದು ಬೇಕೆಂದೇ ಬರೆದೆ.

ನಾನು ಬೇಡ ಎಂದು ಓಟು ಹಾಕಿದೆ. ಒಪ್ಪಂದ ಪಾಸಾಯಿತು, ದೊಡ್ಡ ಅಂತರದಿಂದೇನಲ್ಲ. ಎರಡು ತಿಂಗಳಾದ ಮೇಲೆ ಎಪ್ಪತ್ತಾರು ಸೀಟಿನ ವಿಮಾನದ ತರಬೇತಿಗೆ ಹೆಸರು ಕರೆದರು. ಪಟ್ಟಿಯಲ್ಲಿ ನನ್ನ ನಂಬರ್ ಮೇಲಿತ್ತು. ನಾನು ಹೋಗದಿದ್ದರೆ ನನ್ನ ಕೆಳಗಿನವನು ಹೋಗುತ್ತಿದ್ದ, ದರವೇನೂ ಬದಲಾಗುತ್ತಿರಲಿಲ್ಲ ಎಂದು ಹೆಂಡತಿಗೆ ವಿವರಿಸಿದೆ. ಆಕೆ ವಿವರಣೆ ಕೇಳಿರಲಿಲ್ಲ. ಹೆಸರು ಬರೆಸಿದೆ. ಮೊದಲ ತಿಂಗಳ ಸಂಬಳ ಬಂದ ವಾರ ಅವ್ವನಿಗೆ ಫೋನ್ ಮಾಡಿ, ದೊಡ್ಡ ವಿಮಾನಕ್ಕೆ ಬಂದೆ ಎಂದೆ.

‘ಹಂಗಾರ ಅಕ್ಕಿ ತಂದಿ ಅನ್ನು,’ ಎಂದಳು.

‘ಹೂಂನವ್ವಾ,’ ಎಂದೆ, ‘ತಂದೀನಿ.’